ಹನ್ನೆರಡು ಮೆಟ್ಟಿಲು, ಒಬ್ಬ ಹೀರೋ, ಒಂದು ಹಾಲ್ ಟಿಕೆಟ್ಟು

ಗಾಂಧಿ ಕ್ಲಾಸಿನಿಂದ (ವಾರದ ಅಂಕಣ)

ಓದುಗ ದೊರೆಗಳೇ, ಈ ವಾರ ನನ್ನ ಹತ್ತಿರ ಯಾವ ಹೊಸ ಚಿತ್ರದ ಸುದ್ದಿಯೂ ಇಲ್ಲ. ಯಾವ ತಾರೆಗೂ ಯಾವ ನಿರ್ಮಾಪಕರಿಗೂ ಜಗಳವಿಲ್ಲ. ಮುಹೂರ್ತದ ತೆಂಗಿನಕಾಯಿ ಇಲ್ಲ, ಶತದಿನೋತ್ಸವದ ಫಲಕವೂ ಇಲ್ಲ. ಪುಟ ತಿರುವಿ ಮುಂದೆ ಹೋಗೋಣ ಅಂದ್ಕೊಂಡ್ರಾ? ಒಂದು ನಿಮಿಷ ತಡೀರಿ. ಬಸ್ಸು ಬರೋಕೆ ಇನ್ನೂ ಹೊತ್ತಿದೆ ತಾನೇ?

ವಿಷಯ ಏನಪ್ಪಾ ಅಂದ್ರೆ, ನಿಮ್ಮ ಈ ಅಂಕಣಕಾರ ಮೊನ್ನೆ ಎರಡು ದಿನ ಮೇಷ್ಟ್ರಾಗಿದ್ದ! ಹೌದು ಸ್ವಾಮಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಕರಿಹಲಗೆ ಮುಂದೆ ನಿಂತು ಪಾಠ ಮಾಡಿದ. ಸೆಕೆಂಡ್ ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಬಂದವನು ಸೆಕೆಂಡ್ ಪಿಯುಸಿ ಹುಡುಗರಿಗೇ ಪಾಠ ಮಾಡೋದು! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೀತಿದ್ದವನನ್ನು ಕರೆದುಕೊಂಡು ಹೋಗಿ ಪ್ರೊಜೆಕ್ಟರ್ ರೂಮಿನಲ್ಲಿ ಕೂರಿಸಿದ ಹಾಗೆ.

ಆದದ್ದಿಷ್ಟು. ಶಿಕಾರಿಪುರದ ಕಡೆ ಒಂದು ಊರು. ಅಲ್ಲಿನ ಕಾಲೇಜಿನ ಕನ್ನಡ ಮೇಡಂ ಈ ಅಂಕಣವನ್ನು ತಪ್ಪದೆ ಓದುತ್ತಾರೆ. (ನಂಬಿ, ಅಂಥವರೂ ಇದ್ದಾರೆ!) ವಾರ್ಷಿಕೋತ್ಸವಕ್ಕೆ ಹುಡುಗರೇ ಸೇರಿ ಒಂದು ಕಿರುಚಿತ್ರ ತೆಗೆಯೋದು ಅಂತ ಹೊರಟಿದ್ದರು. ಕ್ಯಾಮೆರಾಗೆ ಮೊಬೈಲಿದೆ. ಹೀರೋ ಆಗೋಕೆ ಇಡೀ ಕ್ಲಾಸೇ ಸಿದ್ಧವಾಗಿದೆ. ಕಥೆ ಮಾತ್ರ ಇಲ್ಲ. "ಕಥೆ ಕಟ್ಟೋದು ಹೇಗೆ ಅಂತ ಎರಡು ದಿನ ಹೇಳಿಕೊಡಿ" ಅಂತ ಮೇಡಂ ಫೋನ್ ಮಾಡಿದರು.

"ಮೇಡಂ, ನಾನು ಪಿಯುಸಿ ಪಾಸೂ ಅಲ್ಲ, ಫೇಲೂ ಅಲ್ಲ. ಪರೀಕ್ಷೆಗೇ ಕೂತವನಲ್ಲ" ಅಂದೆ.

"ಗೊತ್ತು, ನೀವೇ ಒಂದ್ಸಲ ಬರೆದಿದ್ರಿ. ನಾನು ಕರೀತಿರೋದು ಸಿನಿಮಾ ಕಥೆ ಹೇಳಿಕೊಡೋಕೆ, ಅಕೌಂಟೆನ್ಸಿಗಲ್ಲ. ಬನ್ನಿ" ಅಂದರು.

ಬಸ್ ಚಾರ್ಜು, ಎರಡು ಹೊತ್ತಿನ ಊಟ, ಕೊನೆಗೊಂದು ಶಾಲು. ಒಪ್ಪಿಕೊಂಡೆ.

* * *

ಮೊದಲ ದಿನ. ನಲವತ್ತೊಂದು ಜನ. ಬೋರ್ಡಿನ ಮೇಲೆ ಹನ್ನೆರಡು ಸಾಲು ಬರೆದೆ.

ಮಾಮೂಲಿ ಬದುಕು. ಕರೆ. ಒಲ್ಲೆ ಅನ್ನೋದು. ಗುರು ಸಿಗೋದು. ಹೊಸಿಲು ದಾಟೋದು. ಪರೀಕ್ಷೆಗಳು, ಗೆಳೆಯರು, ಹಗೆಗಳು. ಗುಹೆಯ ಬಾಗಿಲು. ಸಾವಿನ ದವಡೆ. ದಕ್ಕಿದ್ದು. ವಾಪಸ್ ದಾರಿ. ಮರುಹುಟ್ಟು. ಅಮೃತ ಹೊತ್ತು ಮರಳೋದು.

ಬರೆದು ತಿರುಗಿದರೆ ನಲವತ್ತೊಂದು ಜನವೂ ತಲೆ ಬಗ್ಗಿಸಿ ನೋಟ್ಸ್ ಬರ್ಕೋತಿದ್ದಾರೆ! ಹಿಂದಿನ ಬೆಂಚಿನ ಒಬ್ಬ ಕೈ ಎತ್ತಿ ಕೇಳಿದ: "ಸಾರ್, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?"

ನಗಬೇಡಿ. ನಾನೂ ಹಾಗೇ ಕಲಿತವನು. ಗಾಂಧಿನಗರದ ಒಂದು ಆಫೀಸಿನಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ತಿದ್ದ ಜೆರಾಕ್ಸ್ ಹಾಳೆ ಅದು. ಎಲ್ಲಿಂದ ಬಂತು, ಯಾರು ಬರೆದರು, ಒಬ್ಬರಿಗೂ ಗೊತ್ತಿರಲಿಲ್ಲ. ಸಹಾಯಕ ನಿರ್ದೇಶಕರು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡ್ತಿದ್ದರು. ಆಮೇಲೆ ನಾನೇ ಹುಡುಕಿ ಓದಿದೆ. ಅದರ ಹುಟ್ಟಿನ ಕಥೆಯೇ ಒಂದು ಸಿನಿಮಾ.

ಜೋಸೆಫ್ ಕ್ಯಾಂಪ್‌ಬೆಲ್ ಅಂತ ಅಮೆರಿಕದ ಒಬ್ಬ ಮೇಷ್ಟ್ರು. 1934ರಿಂದ 1972ರವರೆಗೆ ಸಾರಾ ಲಾರೆನ್ಸ್ ಅನ್ನೋ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವನು. ಲೋಕದ ಪುರಾಣಗಳನ್ನೆಲ್ಲ ಓದಿ, ನಮ್ಮ ಬುದ್ಧನ ಕಥೆಯನ್ನೂ ಸೇರಿಸಿಕೊಂಡು, 1949ರಲ್ಲಿ ಒಂದು ಪುಸ್ತಕ ಬರೆದ. ಹೆಸರು ಕನ್ನಡದಲ್ಲಿ ಹೇಳೋದಾದರೆ 'ಸಾವಿರ ಮುಖಗಳ ನಾಯಕ'. ಅವನು ಹೇಳಿದ್ದು ಇಷ್ಟು: ಯಾವ ದೇಶದ ಕಥೆಯೇ ಇರಲಿ, ನಾಯಕ ಮನೆ ಬಿಡ್ತಾನೆ, ಹೊರಗೆ ಹೋಗಿ ಪಾಡುಪಟ್ಟು ಏನನ್ನೋ ಗೆಲ್ತಾನೆ, ಅದನ್ನು ತಂದು ತನ್ನ ಜನಕ್ಕೆ ಕೊಡ್ತಾನೆ. ಹೋಗೋದು, ಪಡೆಯೋದು, ಮರಳೋದು. ಈ ಮೂರನ್ನೇ ಹದಿನೇಳು ಹಂತವಾಗಿ ಬಿಡಿಸಿ ತೋರಿಸಿದ. 1954ರಲ್ಲಿ ಭಾರತಕ್ಕೂ ಬಂದು ತಿಂಗಳುಗಟ್ಟಲೆ ಸುತ್ತಾಡಿ ಹೋದವನು ಈತ.

ಈ ಪುಸ್ತಕವನ್ನು ಜಾರ್ಜ್ ಲ್ಯೂಕಾಸ್ ಓದಿದ. 1977ರಲ್ಲಿ 'ಸ್ಟಾರ್ ವಾರ್ಸ್' ತೆರೆಗೆ ಬಂತು. ಅದು ಗಲ್ಲಾಪೆಟ್ಟಿಗೆ ಒಡೆದ ಮೇಲೆ ಹಾಲಿವುಡ್ಡಿನವರಿಗೆಲ್ಲ ಪುರಾಣದ ಹುಚ್ಚು ಹಿಡೀತು. ಕ್ರಿಸ್ಟೋಫರ್ ವೋಗ್ಲರ್ ಅಂತ ಇನ್ನೊಬ್ಬ. ಕಂಪನಿಗೆ ಬರೋ ಕಥೆಗಳನ್ನು ಓದಿ ಅಭಿಪ್ರಾಯ ಬರೆಯೋ ಕೆಲಸ ಅವನದು. ಡಿಸ್ನಿ ಕಂಪನಿಯಲ್ಲಿದ್ದಾಗ, 1985ರ ಸುಮಾರಿಗೆ, ಕ್ಯಾಂಪ್‌ಬೆಲ್ಲನ ದಪ್ಪ ಪುಸ್ತಕವನ್ನು ಏಳು ಪುಟಕ್ಕೆ ಇಳಿಸಿದ. ಹದಿನೇಳು ಹಂತ ಹನ್ನೆರಡಾಯ್ತು. ಆ ಏಳು ಪುಟ ಹಾಲಿವುಡ್ಡಿನ ಆಫೀಸು ಆಫೀಸು ಸುತ್ತಿತು. 1992ರಲ್ಲಿ ಅದನ್ನೇ ಬೆಳೆಸಿ ಪುಸ್ತಕ ಮಾಡಿದ. ಗಾಂಧಿನಗರದ ನಮ್ಮ ಜೆರಾಕ್ಸ್ ಹಾಳೆ ಆ ಏಳು ಪುಟದ ಮೊಮ್ಮಗ!

* * *

"ಬೋರ್ಡು ಬಿಡಿ, ಕಾಂತಾರ ಯಾರ್ಯಾರು ನೋಡಿದ್ದೀರಿ?" ಅಂದೆ. ನಲವತ್ತೊಂದು ಕೈ ಮೇಲಕ್ಕೆ.

ಶಿವನ ಮಾಮೂಲಿ ಬದುಕು ಯಾವುದು? ಕಂಬಳ, ಹಂದಿ ಬೇಟೆ, ಗೆಳೆಯರು, ಕುಡಿತ. ಕರೆ ಯಾವುದು? ಕನಸಿನಲ್ಲಿ ಕಾಡೋ ದೈವ. ಅದಕ್ಕೆ ಅವನು ಏನ್ಮಾಡ್ತಾನೆ? ಬೆಚ್ಚಿಬಿದ್ದು ಏಳ್ತಾನೆ, ಒಲ್ಲೆ ಅಂತಾನೆ. ಕೋಲ ಕಟ್ಟೋದನ್ನು ಚಿಕ್ಕಪ್ಪನ ಮಗ ಗುರುವನಿಗೆ ಬಿಟ್ಟು ತಾನು ತಿರುಗಾಡ್ತಾನೆ. ಗುರುವನ ಕೊಲೆಯಾಗುತ್ತೆ. ಇನ್ನು ಒಲ್ಲೆ ಅನ್ನೋಕೆ ಆಗಲ್ಲ.

ಈಗ ಸ್ಟಾರ್ ವಾರ್ಸ್. ಲ್ಯೂಕ್ ಅನ್ನೋ ಹುಡುಗ ಮರಳುಗಾಡಿನಲ್ಲಿ ಮಾವನ ಹೊಲದಲ್ಲಿ ದುಡೀತಾನೆ. ಒಂದು ಯಂತ್ರಮಾನವನ ಹೊಟ್ಟೆಯೊಳಗಿಂದ ರಾಜಕುಮಾರಿಯ ಕರೆ ಬರುತ್ತೆ. ಮುದುಕ ಗುರು 'ಬಾ' ಅಂತಾನೆ. ಹುಡುಗ 'ನನಗೆ ಮನೆ ಕೆಲಸ ಇದೆ' ಅಂತಾನೆ. ಮನೆಗೆ ಹೋಗಿ ನೋಡಿದರೆ ಮನೆ ಸುಟ್ಟಿದೆ, ಮಾವ ಅತ್ತೆ ಸತ್ತಿದ್ದಾರೆ. ಇನ್ನು ಒಲ್ಲೆ ಅನ್ನೋಕೆ ಆಗಲ್ಲ.

ಕರಾವಳಿಯ ಕಾಡೆಲ್ಲಿ, ಆಕಾಶದಾಚೆಯ ಮರಳುಗಾಡೆಲ್ಲಿ! ಕೀಲು ಮಾತ್ರ ಒಂದೇ. ಕ್ಲಾಸಿನಲ್ಲಿ ಸದ್ದಿಲ್ಲ. ಹುಡುಗರ ಕಣ್ಣಲ್ಲಿ ಬಲ್ಬು ಹತ್ತೋದು ಕಂಡೆ. ಮೇಷ್ಟ್ರುಗಳು ಸಂಬಳ ಕಡಿಮೆಯಾದರೂ ಯಾಕೆ ಈ ಕೆಲಸ ಬಿಡಲ್ಲ ಅನ್ನೋದು ಆವತ್ತು ಗೊತ್ತಾಯ್ತು.

ಊಟದ ಹೊತ್ತಲ್ಲಿ ಮೇಡಂ ಹೇಳಿದರು: "ಇದೇನು ಹೊಸದಲ್ಲಪ್ಪ. ಭರತ ಮುನಿ ನಾಟ್ಯಶಾಸ್ತ್ರದಲ್ಲಿ ಐದೇ ಅವಸ್ಥೆ ಹೇಳಿದಾನೆ. ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ." ನಾನು ಬಿಡಿಸಿ ಹೇಳಿಸಿಕೊಂಡೆ. ಬೇಕು ಅನ್ನಿಸೋದು ಮೊದಲನೆಯದು. ಅದಕ್ಕಾಗಿ ಹೆಣಗೋದು ಎರಡನೆಯದು. ಸಿಗಬಹುದು ಅನ್ನೋ ಆಸೆ ಮೂರನೆಯದು. ಅಡ್ಡಿ ಒಂದು ಹೋದರೆ ಸಿಕ್ಕೇ ಸಿಗುತ್ತೆ ಅನ್ನೋದು ನಾಲ್ಕನೆಯದು. ಹಣ್ಣು ಕೈಗೆ ಬರೋದು ಕೊನೆಯದು. ಕಥೆಯ ಮೊಳಕೆಗೆ ಭರತ 'ಬೀಜ' ಅಂತಲೇ ಹೆಸರಿಟ್ಟಿದ್ದಾನಂತೆ. ಬೀಜದಿಂದ ಹಣ್ಣಿನವರೆಗೆ! ಅಮೆರಿಕದವರದು ಪ್ರಯಾಣದ ಲೆಕ್ಕ, ನಮ್ಮವರದು ಬೇಸಾಯದ ಲೆಕ್ಕ ನೋಡಿ.

ಮಧ್ಯಾಹ್ನ ಇನ್ನೊಂದು ಮಾತು ಹೇಳಿದೆ. ಸಿಡ್ ಫೀಲ್ಡ್ ಅಂತ ಇನ್ನೊಬ್ಬ ಅಮೆರಿಕದವನು 1979ರಲ್ಲಿ ಚಿತ್ರಕಥೆಯ ಪುಸ್ತಕ ಬರೆದ. ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ. ಒಟ್ಟು 120 ಪುಟ. ಶುರು 30, ನಡು 60, ಮುಕ್ತಾಯ 30. ಲೆಕ್ಕ ಚೊಕ್ಕ. ಆದರೆ ಅದರಲ್ಲಿ ಒಂದು ಮುಖ್ಯ ಸಂಗತಿ ಇಲ್ಲ. ಏನು ಹೇಳಿ?

"ಇಂಟರ್‌ವಲ್ಲು ಸಾರ್!" ಅಂತ ಕೂಗಿದರು.

ಭೇಷ್! ಅರ್ಧ ಟಾಕೀಸು ಟೀ, ಬೋಂಡ ಅಂತ ಎದ್ದು ಹೋಗುತ್ತೆ. ಅವರನ್ನು ಮತ್ತೆ ಒಳಗೆ ಎಳೆಯೋ ಗಾಳವನ್ನು ನಟ್ಟನಡುವೆ ಹಾಕಬೇಕು. ಅದು ಅಮೆರಿಕದ ಪಟ್ಟಿಯಲ್ಲಿ ಸಿಗಲ್ಲ. ನಮ್ಮ ಕಥೆಗಾರರು ಟೀ ಅಂಗಡಿಯ ಹತ್ತಿರ ನಿಂತು ಕಲಿತದ್ದು.

ಮನೆಗೆ ಒಂದು ಕೆಲಸ ಕೊಟ್ಟೆ. ಹನ್ನೆರಡು ಮೆಟ್ಟಿಲು ಇಟ್ಟುಕೊಂಡು ಎರಡು ಪುಟದ ಒಂದು ಕಥೆ.

* * *

ಎರಡನೇ ದಿನ ನಲವತ್ತೊಂದು ಕಥೆ ಬಂತು. ರಾತ್ರಿ ಬೆಂಗಳೂರು ಬಸ್ಸು ಹಿಡಿಯೋದಿತ್ತು, ಹಾಗಾಗಿ ಬೆಳಿಗ್ಗೆಯೇ ಸ್ಟಾಫ್ ರೂಮಿನಲ್ಲಿ ಕೂತು ಎಲ್ಲಾ ಓದಿದೆ.

ದೊರೆಗಳೇ, ಏನಂತ ಹೇಳಲಿ? ಇಪ್ಪತ್ತೊಂಬತ್ತು ಕಥೆಯಲ್ಲಿ ಹೀರೋ ಮೊದಲು ಬೂಟಿನ ಮೂಲಕ ಪರಿಚಯ ಆಗ್ತಾನೆ. ಬೂಟು, ಧೂಳು, ಆಮೇಲೆ ಕೈ ಕಡಗ, ಆಮೇಲೆ ಮುಖ. ಹತ್ತು ಜನ ಗಾಳಿಯಲ್ಲಿ. ಹನ್ನೆರಡು ಮೆಟ್ಟಿಲೂ ಇವೆ, ಒಂದೂ ಬಿಟ್ಟಿಲ್ಲ. ಫಾರಂ ತುಂಬಿದ ಹಾಗೆ ತುಂಬಿದ್ದಾರೆ. ಆದರೆ ಆ ಹೀರೋಗೆ ಏನೂ ಬೇಕಾಗಿಲ್ಲ! ಮೊದಲ ಸೀನಿನಲ್ಲೇ ಅವನಿಗೆ ಎಲ್ಲಾ ಇದೆ. ಏನೂ ಬೇಡದವನು ಯಾಕಪ್ಪ ಮನೆ ಬಿಟ್ಟು ಹೋಗ್ತಾನೆ? ಬೀಜವೇ ಇಲ್ಲದೆ ಹಣ್ಣು ಎಲ್ಲಿಂದ ಬರಬೇಕು?

ತಪ್ಪು ಹುಡುಗರದ್ದಲ್ಲ, ನನ್ನದು. ಹನ್ನೆರಡು ಮೆಟ್ಟಿಲನ್ನು ಅಚ್ಚಿನ ಥರಾ ಕೊಟ್ಟಿದ್ದೆ. ಇದು ಅಚ್ಚಲ್ಲ ಅಂತ ವೋಗ್ಲರ್ ಸ್ವತಃ ಎಚ್ಚರಿಸಿದ್ದಾನೆ, ಆ ಸಾಲನ್ನು ಬೋರ್ಡಿಗೆ ಬರೆಯೋದನ್ನೇ ಮರೆತಿದ್ದೆ. ಅದಕ್ಕೇ ಎರಡನೇ ದಿನ ಬೋರ್ಡು ಒರೆಸಿ ಒಂದೇ ಒಂದು ಮೆಟ್ಟಿಲು ಹಿಡಿದುಕೊಂಡೆ. ಕೊನೆಯದು. ಮರಳೋದು.

ಸ್ಟಾರ್ ವಾರ್ಸ್ ಹೇಗೆ ಮುಗಿಯುತ್ತೆ? ದೊಡ್ಡ ದರ್ಬಾರು. ವಾದ್ಯ. ರಾಜಕುಮಾರಿ ಬಂದು ಹೀರೋ ಕೊರಳಿಗೆ ಪದಕ ಹಾಕ್ತಾಳೆ. ಶುಭಂ.

ನಮ್ಮದು ಹೇಗೆ ಮುಗಿಯುತ್ತೆ?

1972ರ 'ಬಂಗಾರದ ಮನುಷ್ಯ' ತಗೊಳ್ಳಿ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ವರನಟ ರಾಜ್‌ಕುಮಾರ್ ರಾಜೀವಪ್ಪನಾಗಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ವರ್ಷ ದಾಟಿ ಓಡಿದ ಚಿತ್ರ. ಅಕ್ಕನ ಮನೆಗೆ ಬರೋ ರಾಜೀವಪ್ಪನಿಗೆ ಕರೆ ಯಾವುದು? ಭಾವನ ಸಾವು, ಅಕ್ಕನ ಕಣ್ಣೀರು. ಆ ಮನೆಗೆ ಹೆಗಲು ಕೊಡ್ತಾನೆ. ಬಂಜರು ನೆಲವನ್ನು ಬಂಗಾರ ಮಾಡ್ತಾನೆ. ಅಮೃತವನ್ನು ತಂದದ್ದು ಮಾತ್ರವಲ್ಲ, ಊರಿಗೇ ಹಂಚ್ತಾನೆ. ಪದಕ ಎಲ್ಲಿ? ತಾನೇ ಸಾಕಿದ ಅಕ್ಕನ ಮಗನ ಬಾಯಿಂದ ಚುಚ್ಚುಮಾತು ಬರುತ್ತೆ, ಅಷ್ಟೆ. ಮಾತಾಡದೆ ಮನೆ ಬಿಟ್ಟು ನಡೆದುಬಿಡ್ತಾನೆ. ಆ ಚಿತ್ರ ನೋಡಿ ಪಟ್ಟಣದ ಹುಡುಗರು ಹಳ್ಳಿಗೆ ವಾಪಸ್ ಹೋಗಿ ನೇಗಿಲು ಹಿಡಿದರು ಅನ್ನೋ ಮಾತು ಇವತ್ತಿಗೂ ಇದೆ. ತೆರೆಯ ಮೇಲೆ ಹೀರೋ ಊರು ಬಿಟ್ಟು ಹೋದ, ಟಾಕೀಸಿನಲ್ಲಿ ಕೂತವರು ಊರಿಗೆ ಮರಳಿದರು!

ಸರಿಯಾಗಿ ಐವತ್ತು ವರ್ಷಕ್ಕೆ, 2022ರಲ್ಲಿ, ಕಾಂತಾರ. ಶಿವ ಸಾವಿನ ದವಡೆಯಿಂದ ಎದ್ದು ಬರ್ತಾನೆ. ಊರವರ ಕೈಯನ್ನೂ ಅರಣ್ಯದ ಅಧಿಕಾರಿಯ ಕೈಯನ್ನೂ ಸೇರಿಸ್ತಾನೆ. ಅಮೃತ ಕೊಟ್ಟಾಯ್ತು. ಆಮೇಲೆ? ಕಾಡಿನೊಳಗೆ ಮಾಯ, ಅಪ್ಪ ಹೋದ ಹಾಗೇ.

ಈ ನಡುವಿನ ಐವತ್ತು ವರ್ಷದಲ್ಲಿ ಪದಕ ಹಾಕಿಸಿಕೊಂಡ ಹೀರೋಗಳೂ ಬೇಕಾದಷ್ಟು ಬಂದರು, ಇಲ್ಲ ಅನ್ನಲ್ಲ. ಆದರೆ ನಮ್ಮ ಜನ ಎದೆಯಲ್ಲಿಟ್ಟುಕೊಂಡವರ ಪಟ್ಟಿ ಮಾಡಿ ನೋಡಿ. 1971ರ 'ಕಸ್ತೂರಿ ನಿವಾಸ'ದ ನಾಯಕ ಎಲ್ಲವನ್ನೂ ಕೊಟ್ಟು ಬರಿಗೈಯಲ್ಲಿ ಸಾಯ್ತಾನೆ. ಅದಕ್ಕೇ ಹುಡುಗರಿಗೆ ಹೇಳಿದೆ: "ಹನ್ನೆರಡರಲ್ಲಿ ಎಷ್ಟು ಮೆಟ್ಟಿಲು ಹತ್ತಿದ ಅಂತ ಎಣಿಸಬೇಡಿ. ಎರಡೇ ಪ್ರಶ್ನೆ ಕೇಳಿ. ಯಾರಿಗೋಸ್ಕರ ಹೋದ? ಅವರಿಗೆ ಏನು ತಂದುಕೊಟ್ಟ? ಉತ್ತರ ಸಿಕ್ಕರೆ ಅದು ಕಥೆ. ಸಿಗದಿದ್ದರೆ ಬರೀ ಬೂಟು."

ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

* * *

ರಾತ್ರಿ ಬಸ್ ಸ್ಟ್ಯಾಂಡು. ಬೆಂಗಳೂರು ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಪತ್ರಿಕೆ ಅಂಗಡಿಯಲ್ಲಿ ನಮ್ಮ ವಾರಪತ್ರಿಕೆ ಎಷ್ಟು ಉಳಿದಿದೆ ಅಂತ ಕಳ್ಳನ ಹಾಗೆ ಎಣಿಸ್ತಿದ್ದೆ (ಎಲ್ಲಾ ಬರಹಗಾರರೂ ಎಣಿಸ್ತಾರೆ, ಯಾರೂ ಒಪ್ಪಲ್ಲ). ಹಿಂದಿನಿಂದ "ಸಾರ್" ಅಂತ ಒಂದು ಧ್ವನಿ.

ಹಿಂದಿನ ಬೆಂಚಿನ ಹುಡುಗ. ಎಷ್ಟು ಮಾರ್ಕ್ಸು ಅಂತ ಕೇಳಿದ್ದನಲ್ಲ, ಅವನೇ. ಅವನ ಕಥೆ ನನಗೆ ನೆನಪಿತ್ತು. ನಲವತ್ತೊಂದರಲ್ಲಿ ಅದೊಂದೇ ಅರ್ಧ ಕಥೆ. ಸೆಕೆಂಡ್ ಪಿಯುಸಿ ಓದೋ ಒಬ್ಬ ಹುಡುಗ. ಅಪ್ಪನಿಗೆ ಮೆಕ್ಕೆಜೋಳದ ಒಂದೂವರೆ ಎಕರೆ. ಹುಡುಗನಿಗೆ ನಿರ್ದೇಶಕ ಆಗೋ ಹುಚ್ಚು. ಐದನೇ ಮೆಟ್ಟಿಲು ಹೊಸಿಲು ದಾಟೋದು ಅಂತಿತ್ತಲ್ಲ, ಅಲ್ಲಿಗೆ ಬರೆದು ನಿಲ್ಲಿಸಿದ್ದ. ಆರರಿಂದ ಹನ್ನೆರಡು ಖಾಲಿ. ನಾನು 'ಪೂರ್ತಿ ಮಾಡು' ಅಂತ ಕೆಂಪು ಇಂಕಿನಲ್ಲಿ ಬರೆದು ಕೊಟ್ಟಿದ್ದೆ.

"ಪೂರ್ತಿ ಮಾಡೋಣ ಅಂತಲೇ ಬಂದೆ ಸಾರ್" ಅಂದ. ಹೆಗಲಲ್ಲಿ ಒಂದು ಬ್ಯಾಗು. ನನಗೆ ಎದೆ ಧಸಕ್ ಅಂತು.

"ಎಲ್ಲಿಗೋ?"

"ನಿಮ್ಮ ಜೊತೆಗೇ. ಬೆಂಗಳೂರಿಗೆ. ನೀವೂ ಸೆಕೆಂಡ್ ಪಿಯುಸಿ ಬಿಟ್ಟೇ ಹೋದವರಲ್ವಾ ಸಾರ್. ಇವತ್ತು ಶಾಲು ಹೊದಿಸಿದ್ರು. ನಂಗೆ ಕರೆ ಬಂದಿದೆ ಸಾರ್. ಒಲ್ಲೆ ಅನ್ನೋ ಮೆಟ್ಟಿಲು ಆಗ್ಲೇ ಮುಗಿದಿದೆ. ಗುರುನೂ ಸಿಕ್ರು."

ನಾನೇ ಆ ಗುರು! ನಾಲ್ಕನೇ ಮೆಟ್ಟಿಲು!

ಆ ಕ್ಷಣಕ್ಕೆ ನನಗೆ ನೆನಪಾದದ್ದು ಸ್ಟಾರ್ ವಾರ್ಸಿನ ಮುದುಕ ಅಲ್ಲ, ಚಾಮಯ್ಯ ಮೇಷ್ಟ್ರು. 1972ರಲ್ಲೇ ಬಂದ, ಪುಟ್ಟಣ್ಣ ಕಣಗಾಲರ 'ನಾಗರಹಾವು'. ತ.ರಾ.ಸು. ಅವರ ಕಥೆ. ಅಶ್ವತ್ಥ್ ಅವರ ಆ ಮುಖ, ವಿಷ್ಣುವರ್ಧನ್ ಅವರ ಆ ರಾಮಾಚಾರಿ. ಇಡೀ ದುರ್ಗದಲ್ಲಿ ರಾಮಾಚಾರಿ ಮಾತು ಕೇಳೋದು ಈ ಮೇಷ್ಟ್ರದ್ದು ಮಾತ್ರ. ಮೇಷ್ಟ್ರಿಗೂ ಅವನ ಮೇಲೆ ಪ್ರಾಣ. ಆದರೆ ಅವರು ಒಳ್ಳೇದಕ್ಕೇ ಅಂತ ಹೇಳಿದ ಮಾತು ಕೇಳಿ ಅವನು ಅಲಮೇಲುವನ್ನು ಬಿಟ್ಟುಕೊಡ್ತಾನೆ, ಅವಳ ಬಾಳು ಹಾಳಾಗುತ್ತೆ. ಎರಡನೇ ಸಲ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ಬರ್ತಾರೆ. ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರೂ ಉಳಿಯಲ್ಲ, ಶಿಷ್ಯನೂ ಉಳಿಯಲ್ಲ. ಅಮೆರಿಕದ ಪಟ್ಟಿಯಲ್ಲಿ ಗುರು ಅಂದ್ರೆ ಕತ್ತಿ ಕೊಟ್ಟು ದಾರಿ ತೋರಿಸೋನು. ಪ್ರೀತಿಸೋ ಗುರುವೇ ತಪ್ಪು ದಾರಿ ತೋರಿಸಬಹುದು ಅಂತ ಹೇಳಿದ್ದು ನಮ್ಮ ಪುಟ್ಟಣ್ಣ.

ಈಗ ನಾನೇನು ಹೇಳಲಿ? ಹೋಗಬೇಡ ಅಂದ್ರೆ ಅವನ ಆಸೆ ಕೊಂದ ಹಾಗೆ. ಬಾ ಅಂದ್ರೆ ಅವನನ್ನೇ ಕೊಂದ ಹಾಗೆ.

"ಕೂತ್ಕೋ. ಟೀ ಕುಡಿ ಮೊದ್ಲು" ಅಂದೆ.

ಹುಡುಗ ಚುರುಕು. ನನ್ನ ಮುಖ ನೋಡಿಯೇ ವಾದಕ್ಕೆ ನಿಂತ: "ಸಾರ್, ನಮ್ಮೂರಿಂದ ತಾಳಗುಂದ ಹತ್ರ. ಆ ಕಂಬದ ಶಾಸನ ನಾನು ನೋಡಿದೀನಿ. ಮಯೂರನೂ ಓದು ಬಿಟ್ಟೇ ರಾಜ ಆದ ಅಲ್ವಾ?"

ಒಂದು ನಿಮಿಷ ನನ್ನ ಬಾಯಿ ಕಟ್ಟಿತು. ನಿಜ ತಾನೇ! ಕದಂಬರ ಮಯೂರಶರ್ಮ ಕನ್ನಡ ನಾಡಿನಲ್ಲಿ ಓದು ಬಿಟ್ಟವರ ಮೂಲಪುರುಷ. 1975ರಲ್ಲಿ ರಾಜ್ ಆ ಪಾತ್ರ ಮಾಡಿದ ಮೇಲಂತೂ ಕೇಳೋದೇ ಬೇಡ. ಆದರೆ ಆ ಹುಡುಗ ನೋಡಿದ ಕಂಬದ ಮೇಲೆ ಏನಿದೆ ಅಂತ ನಾನೂ ಓದಿಕೊಂಡಿದ್ದೆ. ಐದನೇ ಶತಮಾನದ ಸಂಸ್ಕೃತ ಶಾಸನ, ಕುಬ್ಜ ಅನ್ನೋ ಕವಿ ಬರೆದದ್ದು.

"ಮಯೂರ ಯಾಕೆ ಬಿಟ್ಟ ಹೇಳು?" ಅಂದೆ.

"ಅವಮಾನ ಆಯ್ತು ಸಾರ್. ಕಂಚಿಯಲ್ಲಿ."

"ಹೌದು. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋಗಿದ್ದ. ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಆಮೇಲೆ ನೇರ ಸಿಂಹಾಸನ ಏರಿದನಾ? ಗಡಿ ಕಾವಲಿನವರನ್ನು ಗೆದ್ದು, ಶ್ರೀಪರ್ವತದವರೆಗಿನ ಕಾಡು ಸೇರಿದ. ಕಾದಾಡಿ ಕಾದಾಡಿ, ಪಲ್ಲವರೇ ಕೊನೆಗೆ ಇವನ ಜೊತೆ ಸಂಧಿ ಮಾಡ್ಕೊಂಡ್ರು. ಸಿನಿಮಾದಲ್ಲಿ ಕಾಡು ಒಂದು ಹಾಡಿನಲ್ಲಿ ಮುಗಿಯಬಹುದು. ನಿಜದಲ್ಲಿ ಮುಗಿಯಲ್ಲ ಕಣೋ. ಸರಿ, ಈಗ ನಿನಗೆ ಕಂಚಿಯಲ್ಲಿ ಯಾರು ಅವಮಾನ ಮಾಡಿದ್ರು?"

ಹುಡುಗ ತಲೆ ತಗ್ಗಿಸಿದ. ಟೀ ಲೋಟವನ್ನೇ ನೋಡ್ತಾ ನಿಧಾನಕ್ಕೆ ಹೇಳಿದ: "ಪ್ರಿಪರೇಟರಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿದೆ ಸಾರ್. ಅಪ್ಪನಿಗೆ ಹೇಳಿಲ್ಲ."

* * *

ದೊರೆಗಳೇ, ಈ ಅಂಕಣದಲ್ಲಿ ನಾನು ಪಿಯುಸಿ ಬಿಟ್ಟ ಕಥೆಯನ್ನು ಎಷ್ಟು ಸಲ ಬರೆದಿದ್ದೇನೆ! ಪ್ರತಿ ಸಲವೂ ಅದು ಹೀರೋ ಕಥೆ. ಸಿನಿಮಾದ ಕರೆ ಬಂತು, ಪುಸ್ತಕ ಬಿಸಾಕಿದೆ, ಬಸ್ ಹತ್ತಿದೆ. ಓದಿ ನೀವು ಶಿಳ್ಳೆ ಹೊಡೆದು ಕಾಗದ ಬರೆದಿದ್ದೀರಿ. ಆವತ್ತು ಆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗನಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡ್ತೀನಿ.

ನನಗೆ ಯಾವ ಕರೆಯೂ ಬಂದಿರಲಿಲ್ಲ. ಅಕೌಂಟೆನ್ಸಿ ಬರ್ತಿರಲಿಲ್ಲ. ಹಾಲ್ ಟಿಕೆಟ್ ಬಂದ ದಿನ ಹೊಟ್ಟೆಯಲ್ಲಿ ಚಳಿ ಶುರುವಾಯ್ತು. ಅಪ್ಪ ಶುಲ್ಕಕ್ಕೆ ಸಾಲ ಮಾಡಿದ್ದರು. ಫೇಲಾಗಿ ಅವರ ಮುಖ ನೋಡೋದಕ್ಕಿಂತ ಓಡಿಹೋಗೋದು ಸುಲಭ ಅನ್ನಿಸಿತು, ಓಡಿದೆ. ಗಾಂಧಿನಗರದ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಏಳು ಜನ. ಸರದಿಯ ಮೇಲೆ ನಿದ್ದೆ. ಸಹಾಯಕ ನಿರ್ದೇಶಕನ ಸಹಾಯಕನಿಗೆ ಸಹಾಯಕನಾಗಿ ಎರಡು ವರ್ಷ ದುಡಿದ ಚಿತ್ರ ಡಬ್ಬದಲ್ಲೇ ಉಳೀತು. ಸಂಬಳ ಕೇಳಿದರೆ 'ಅನುಭವ ಸಿಗ್ತಲ್ಲ' ಅಂದರು. ನಾಲ್ಕು ವರ್ಷ ಮನೆಗೆ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗೋದು? ಹೀರೋ ಅಮೃತ ಹೊತ್ತು ಮರಳಬೇಕಲ್ಲ! ಹೋದಾಗ ಅಪ್ಪ ಏನೂ ಕೇಳಲಿಲ್ಲ. "ಊಟ ಆಯ್ತೇನೋ?" ಅಂದರು, ಅಷ್ಟೆ. ಆವತ್ತು ಗಂಟಲಲ್ಲಿ ಅನ್ನ ಇಳೀಲಿಲ್ಲ.

ಈ ಹನ್ನೆರಡು ಮೆಟ್ಟಿಲಿನ ಪಟ್ಟಿ ಸಿಕ್ಕ ಮೇಲೆ ನನಗೆಷ್ಟು ಸಮಾಧಾನ ಆಯ್ತು ಗೊತ್ತಾ? ಓಡಿಹೋದದ್ದಕ್ಕೆ 'ಹೊಸಿಲು ದಾಟೋದು' ಅಂತ ಹೆಸರಿಟ್ಟುಕೊಂಡೆ. ಉಪವಾಸಕ್ಕೆ 'ಪರೀಕ್ಷೆ' ಅಂದೆ. ಅದೇ ಈ ಪಟ್ಟಿಯಲ್ಲಿರೋ ವಿಷ. ಮುಗಿದುಹೋದ ಕಥೆಯನ್ನು ಅರ್ಥ ಮಾಡ್ಕೊಳ್ಳೋಕೆ ಇದರಂಥ ಕನ್ನಡಿ ಇನ್ನೊಂದಿಲ್ಲ. ನಡೆಯುತ್ತಿರೋ ಬದುಕಿಗೆ ಹಿಡಿದರೆ, ನಾವು ಮಾಡೋ ಪ್ರತಿ ದಡ್ಡ ಕೆಲಸವೂ ಹೀರೋ ಕೆಲಸದ ಥರಾ ಕಾಣುತ್ತೆ. ಕರೆ ಬಂದವನಿಗೆ ಯಾರಿಗೋಸ್ಕರ ಹೋಗ್ತಿದ್ದೀನಿ ಅಂತ ಗೊತ್ತಿರುತ್ತೆ. ಓಡಿಹೋಗೋನಿಗೆ ಯಾವುದರಿಂದ ಓಡ್ತಿದ್ದೀನಿ ಅನ್ನೋದು ಮಾತ್ರ ಗೊತ್ತಿರುತ್ತೆ.

"ಹಾಗಾದ್ರೆ ಸಿನಿಮಾ ಬೇಡ್ವಾ ಸಾರ್?" ಅಂದ. ಅವನ ಕಣ್ಣಲ್ಲಿ ನೀರು.

"ಯಾರಂದ್ರು? ಸಿನಿಮಾ ಎಲ್ಲೂ ಓಡಿಹೋಗಲ್ಲ. ಪರೀಕ್ಷೆ ಬರೆದು ಬಾ. ಫೇಲಾಗಿಯೇ ಬಾ, ಪರವಾಗಿಲ್ಲ. ಅಪ್ಪನಿಗೆ ಹೇಳಿ ಬಾ. ಅಷ್ಟು ಮಾಡಿ ಬಂದರೆ, ನನ್ನ ಕೋಣೆಯಲ್ಲಿ ಈಗ ಮೂರೇ ಜನ ಇದೀವಿ, ಜಾಗ ಇದೆ."

ನಾನು ಚಾಮಯ್ಯ ಮೇಷ್ಟ್ರಾದೆನಾ, ಅಲ್ಲವಾ? ನನಗೆ ಗೊತ್ತಿಲ್ಲ. ಹುಡುಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಂಗಳೂರು ಬಸ್ಸು ಬಂತು. ನಾನು ಹತ್ತಿದೆ. ಅವನು ಬ್ಯಾಗು ಹಿಡಿದುಕೊಂಡು ಬಸ್ಸಿನ ಬಾಗಿಲ ಹತ್ತಿರವೇ ನಿಂತಿದ್ದ. ಕಂಡಕ್ಟರ್ "ಹತ್ತೋದಾದ್ರೆ ಹತ್ತಪ್ಪ" ಅಂದ. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಪತ್ರಿಕೆ ಅಂಗಡಿಯ ಬೆಳಕಿನಲ್ಲಿ ನಿಂತಿದ್ದ. ಆವತ್ತಿನ ಮಟ್ಟಿಗೆ ಹೊಸಿಲು ದಾಟಲಿಲ್ಲ. ಮರುದಿನದ ಬಸ್ಸು ಹತ್ತಿದನೋ ಏನೋ.

* * *

ತಮ್ಮಾ, ಈ ವಾರದ ಸಂಚಿಕೆ ನಿನ್ನೂರಿನ ಬಸ್ ಸ್ಟ್ಯಾಂಡಿಗೂ ಬಂದಿರುತ್ತೆ. ನಿನ್ನ ಹೆಸರು ಹಾಕಿಲ್ಲ, ಊರೂ ಹೇಳಿಲ್ಲ, ಹೆದರಬೇಡ. ಒಂದು ವಿಷಯ ಆ ರಾತ್ರಿ ಹೇಳೋಕೆ ಮರೆತೆ. ನಿನ್ನ ಅರ್ಧ ಕಥೆ ಇತ್ತಲ್ಲ, ನಲವತ್ತೊಂದರಲ್ಲಿ ಅದೊಂದೇ ನಿಜವಾದ ಕಥೆ. ಮಿಕ್ಕವರ ಹೀರೋಗಳಿಗೆ ಏನೂ ಬೇಕಿರಲಿಲ್ಲ, ನಿನ್ನವನಿಗೆ ಬೇಕಿತ್ತು. ಆರನೇ ಮೆಟ್ಟಿಲು ನೆನಪಿದೆ ತಾನೇ? ಪರೀಕ್ಷೆಗಳು! ಅದನ್ನು ಬಿಟ್ಟು ಏಳಕ್ಕೆ ಹಾರೋಕೆ ಆಗಲ್ಲ ಕಣೋ. ಹಾರಿ ನೋಡಿದವನು ಹೇಳ್ತಿದ್ದೇನೆ. ಹಾಲ್ ಟಿಕೆಟ್ ಬಂದರೆ ಈ ಅಂಕಣದ ವಿಳಾಸಕ್ಕೆ ಒಂದು ಸಾಲು ಬರಿ.

ಇನ್ನೊಂದು. ನಗಬೇಡಿ ದೊರೆಗಳೇ. ಸೆಕೆಂಡ್ ಪಿಯುಸಿಯನ್ನು ಖಾಸಗಿಯಾಗಿ ಕಟ್ಟೋದು ಹೇಗೆ ಅಂತ ಆ ಕನ್ನಡ ಮೇಡಂಗೆ ಫೋನ್ ಮಾಡಿ ಕೇಳಿದ್ದೇನೆ. ಅಕೌಂಟೆನ್ಸಿ ಪುಸ್ತಕ ಮೇಜಿನ ಮೇಲಿದೆ. ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಅನ್ನೋದು ಇನ್ನೂ ತಲೆಗೆ ಹೋಗ್ತಿಲ್ಲ. ಗೊತ್ತಿದ್ದವರು ಕಾಗದ ಬರೆಯಿರಿ.

ಬರುವ ವಾರ, ಇದೇ ಪುಟ, ಇದೇ ಬೆಂಚು. ನಿಮ್ಮ ಬಸ್ಸು ಬಂತು ನೋಡಿ, ಹತ್ತಿ.